ಹರಿದ ಬೈರಾಸು

"ಗುರುಗಳೇ, ಸಿಟ್ಟು ಬಂದರೆ ತಪ್ಪೇ?" ಎಂದು ಶಿಷ್ಯ ಕೇಳಿದ.

ಅವನ ಎರಡು ಕೈಗಳಲ್ಲಿ ಒಂದೇ ಚಿತ್ರದ ಎರಡು ತುಂಡುಗಳಿದ್ದವು. ಹುಟ್ಟೂರಿನ ಕಡಲನ್ನು ನೆನೆದು, ಕೈ ಹೋದ ಹಾಗೆ ಬಳಿದ ಚಿತ್ರ. ನೋಡಿದವರು ನಕ್ಕಿದ್ದರು. ಅವರೆದುರೇ ಹರಿದುಕೊಂಡು ಬಂದಿದ್ದ.

"ಕೂತುಕೋ" ಎಂದರು ಗುರು. ಶಿಷ್ಯ ಕೂರಲಿಲ್ಲ. ಗುರು ನಿಂತವನಿಗೇ ಕತೆ ಹೇಳಿದರು.

ಕಡಲ ಬದಿಯ ಊರಿನಲ್ಲಿ ಒಬ್ಬ ಚಿತ್ರಕಾರನಿದ್ದ. ಅವನು ಕಣ್ಣು ಮುಚ್ಚಿ, ಚಿಕ್ಕಂದಿನಲ್ಲಿ ಕಂಡ ದಡವನ್ನು ನೆನೆಯುತ್ತಿದ್ದ. ಆಮೇಲೆ ಕೈಯನ್ನು ಅದರ ಪಾಡಿಗೆ ಬಿಡುತ್ತಿದ್ದ. ಚಿತ್ರದಲ್ಲಿ ತೆರೆಯೂ ಇಲ್ಲ, ತೆಂಗಿನ ಮರವೂ ಇಲ್ಲ. ಬರೀ ಬಣ್ಣ. ಅದನ್ನು ಪೇಟೆಯ ಗೋಡೆಗೆ ತೂಗುಹಾಕಿದ.

ಅದೇ ಊರಿನಲ್ಲಿ ದೋಣಿಗಳಿಗೆ ಬಣ್ಣ ಬಳಿಯುವವನೊಬ್ಬನಿದ್ದ. ಕುಂಚ ಒಣಗಿದರೂ ಬಾಯಿ ಒಣಗದ ಮನುಷ್ಯ. ಚಿತ್ರವನ್ನು ಕತ್ತು ಓರೆ ಮಾಡಿ ನೋಡಿದ, ಬಗ್ಗಿ ನೋಡಿದ.

"ಇದರಲ್ಲಿ ಕಡಲು ಎಲ್ಲುಂಟು ಮಾರಾಯ್ರೆ?" ಎಂದು ಕೇಳಿದ.

"ಕಣ್ಣಿದ್ದವನಿಗೆ ಕಾಣುತ್ತದೆ. ದೋಣಿಗೆ ಬಳಿದ ಡಾಂಬರು ನಿನ್ನ ಕಣ್ಣಿಗೂ ಮೆತ್ತಿದೆ" ಎಂದ ಚಿತ್ರಕಾರ.

"ಹಾಗೋ. ಹಾಗಾದರೆ ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಕಡಲುಂಟು."

ಮರುದಿನ ಬೆಳಿಗ್ಗೆ ಚಿತ್ರದ ಪಕ್ಕದಲ್ಲಿ ಒಂದು ಹಳೆಯ ಹೆಗಲ ಬೈರಾಸು ತೂಗುತ್ತಿತ್ತು. ದೋಣಿಯ ಬಣ್ಣದವನು ವರ್ಷಗಟ್ಟಲೆ ಕುಂಚ ಒರೆಸಿದ ಬಟ್ಟೆ ಅದು. ಕೆಳಗೆ ಗೋಡೆಯ ಮೇಲೆ ಇದ್ದಿಲಿನಲ್ಲಿ 'ಇದೂ ಕಡಲೇ' ಎಂದು ಬರೆದಿತ್ತು. ಜನ ಸೇರಿದರು. ಒಬ್ಬ ಬೈರಾಸಿಗೆ ಊದುಬತ್ತಿ ಹಚ್ಚಿ ಕೈಮುಗಿದ. ಚಿತ್ರವನ್ನು ಯಾರೂ ನೋಡಲಿಲ್ಲ.

ಚಿತ್ರಕಾರ ಬಂದ. ನೋಡಿದ. ಅವನ ಮೈಯೆಲ್ಲ ಉರಿಯಿತು. ಬೈರಾಸನ್ನು ಕಿತ್ತು, ಎರಡು ಕೈಯಲ್ಲಿ ಹಿಡಿದು ಪರ್ರನೆ ಹರಿದ. ಜನ ಇನ್ನೂ ಜೋರಾಗಿ ನಕ್ಕರು.

ಮೀನು ಮಾರುವ ಒಬ್ಬಳು ಮಾತ್ರ ನಗಲಿಲ್ಲ. ಬುಟ್ಟಿ ಇಳಿಸಿ ಬಂದು ಚಿತ್ರಕಾರನ ಕೈಗೆ ಹೊಡೆದಳು.

"ನಿನ್ನ ಕೈಗೆ ಬೆಂಕಿ ಬೀಳ. ಈ ಹಸಿರು ನಮ್ಮ ದೋಣಿಯದ್ದು. ನನ್ನ ಗಂಡ ಎದುರು ನಿಂತು ಹೇಳಿ ಮಾಡಿಸಿದ್ದು. ದೋಣಿಯೂ ಬರಲಿಲ್ಲ, ಅವರೂ ಬರಲಿಲ್ಲ. ಆ ಕಡಲು ನನಗೆ ಒಂದು ಹಲಗೆಯನ್ನೂ ತಿರುಗಿ ಕೊಡಲಿಲ್ಲ."

ಆಮೇಲೆ ದೋಣಿಯ ಬಣ್ಣದವನ ಕಡೆ ತಿರುಗಿದಳು. "ನಗಾಡಲಿಕ್ಕೆ ನಿನಗೆ ಇದೇ ಸಿಕ್ಕಿತಾ?"

ಅವನ ಬಾಯಿ ಅಂದು ಒಣಗಿತು. ಬೈರಾಸು ಸರಿಯಾಗಿ ಹಸಿರಿನ ನಡುವೆ ಹರಿದಿತ್ತು. ಬರೀ ಬಣ್ಣದಲ್ಲಿ ಕಡಲನ್ನು ಕಾಣಿರಿ ಎಂದು ಊರಿಗೆಲ್ಲ ಹೇಳಿದ ಚಿತ್ರಕಾರನಿಗೆ, ಕೈಯಲ್ಲೇ ಇದ್ದ ಬಣ್ಣದಲ್ಲಿ ಒಂದು ದೋಣಿ ಕಂಡಿರಲಿಲ್ಲ.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ತಪ್ಪು ಯಾರದು ಹೇಳಿ. ಗೇಲಿಗೆ ತೂಗುಹಾಕಿದವನದೋ, ಸಿಟ್ಟಿಗೆ ಹರಿದವನದೋ?"

ಗುರು ಅವನ ಕೈಯಲ್ಲಿದ್ದ ಎರಡು ತುಂಡುಗಳನ್ನು ನೋಡಿ ಹೇಳಿದರು: "ಅದನ್ನು ಅವಳು ಕೇಳಲಿಲ್ಲ, ಸೂಜಿದಾರ ಕೇಳಿದಳು."