ಎರಡನೆಯ ಬಾವಿಯ ಕೈಮರ

"ಗುರುಗಳೇ, ಹೆಸರು ಕಣ್ಣೆದುರಿಗೇ ಇದೆ. ತೆರೆದರೆ ಒಳಗೆ ಏನೂ ಇಲ್ಲ. ಇದು ಹೇಗೆ ಸಾಧ್ಯ?" ಎಂದು ನೀಲಾಂಬಿಕೆ ಕೇಳಿದಳು.

ಅವಳು ನೇಕಾರರ ಸಂಘದ ಕಂಪ್ಯೂಟರ್ ಕೋಣೆಯಲ್ಲಿ ಗುರುಗಳ ಬಳಿ ಕೆಲಸ ಕಲಿಯುತ್ತಿದ್ದಳು. ಚನ್ನವೀರಜ್ಜ ಎಂಬ ನೇಕಾರ ನಲವತ್ತು ವರ್ಷ ಕೂತು ಬರೆದ ಸೆರಗಿನ ಚಿತ್ತಾರಗಳನ್ನು ಸ್ಕ್ಯಾನ್ ಮಾಡಿ ಅಲ್ಲಿ ಇಟ್ಟಿದ್ದರು. ಒಂದು ಫೋಲ್ಡರಿನ ಹೆಸರು 'ಚಿತ್ತಾರ', ಅದರ ನಕಲೆಂದು ಇಟ್ಟ ಇನ್ನೊಂದರ ಹೆಸರು 'ಕಾಪು'. ಎರಡು ಕಡೆ ಭದ್ರವಾಗಿವೆ ಎಂಬ ಗುರುಗಳ ಮಾತನ್ನು ನಂಬಿ ಅಜ್ಜ ಗೆದ್ದಲು ಹಿಡಿದ ಹಾಳೆಗಳನ್ನು ಒಲೆಗೆ ಹಾಕಿದ್ದ. ಈಗ ಅವನಿಗೆ ಕಣ್ಣು ಕಾಣುವುದಿಲ್ಲ. ಮೊಮ್ಮಗಳು ಮೊದಲ ಸಲ ಮಗ್ಗಕ್ಕೆ ಕೂರುತ್ತಾಳೆ, ಅವಳಿಗೊಂದು ಚಿತ್ತಾರ ಬೇಕು, ಇಂದೇ ಬರುತ್ತೇನೆ ಎಂದು ಹೇಳಿ ಕಳುಹಿಸಿದ್ದ.

ಬೆಳಿಗ್ಗೆ ಡಿಸ್ಕಿನಲ್ಲಿ ಜಾಗ ಸಾಲದಾಗಿತ್ತು. ನೀಲಾಂಬಿಕೆ 'ಚಿತ್ತಾರ'ವನ್ನು ಅಳಿಸಿ, ತೆರವಾದ ಜಾಗಕ್ಕೆ ಹೊಸ ಸೀರೆಗಳ ಫೋಟೊ ತುಂಬಿದ್ದಳು.

"ಅಳಿಸುವ ಮೊದಲು 'ಕಾಪು' ತೆರೆದು ನೋಡಿದ್ದೆ ಗುರುಗಳೇ. ಒಂದೊಂದು ಹೂವೂ ಸರಿಯಾಗಿತ್ತು. ಈಗ ಹೆಸರುಗಳು ಮಾತ್ರ ಇವೆ."

ಗುರುಗಳ ಮುಖ ಬಿಳಿಚಿಕೊಂಡಿತು. ಬೈಯುತ್ತಾರೆಂದು ಅವಳು ತಲೆ ತಗ್ಗಿಸಿದಳು. ಅವರು ಬೈಯಲಿಲ್ಲ. ಕುಳಿತುಕೋ ಎಂದರು. ಕತೆ ಹೇಳಿದರು.

ಒಂದು ಊರಿನಲ್ಲಿ ಒಂದೇ ಒಂದು ಸಿಹಿನೀರಿನ ಬಾವಿಯಿತ್ತು. ಒಂದಕ್ಕೆ ಏನಾದರೂ ಆದರೆ ಗತಿಯೇನು, ಇನ್ನೊಂದು ಬಾವಿ ತೋಡಿಸು ಎಂದು ಊರಿನವರು ನೀರಗಂಟಿಗೆ ಹೇಳಿದರು. ಊರಿನ ನೀರೆಲ್ಲ ಅವನ ಸುಪರ್ದಿ. ಆದರೆ ತೋಡುವುದೆಂದರೆ ಆರು ತಿಂಗಳ ಕೆಲಸ. ನೀರಗಂಟಿಗೆ ಮೈಗಳ್ಳತನ. ಅವನು ಊರಾಚೆ ಒಂದು ಕೈಮರ ನೆಟ್ಟ. ಅದರ ಮೇಲೆ 'ಎರಡನೆಯ ಬಾವಿಗೆ ದಾರಿ' ಎಂದು ಬರೆದ. ಆ ದಾರಿ ಬಂಡೆಯನ್ನು ಬಳಸಿಕೊಂಡು ಬಂದು ಹಳೆಯ ಬಾವಿಯನ್ನೇ ಹಿಂಬದಿಯಿಂದ ಮುಟ್ಟುತ್ತಿತ್ತು. ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ಊರಿನವರು ಅವನಿಗೆ ಶಾಲು ಹೊದಿಸಿದರು.

ದಾರಿಹೋಕರು ಕೈಮರ ನೋಡಿ ಹೋದರು, ನೀರು ಕುಡಿದರು, ತಮ್ಮ ಪಾಡಿಗೆ ಮುಂದೆ ನಡೆದರು. ಊರಿನವರಾರೂ ಆ ದಾರಿ ಹಿಡಿಯಲಿಲ್ಲ. ಮನೆ ಮುಂದೆ ಬಾವಿ ಇರುವಾಗ ಬಂಡೆ ಸುತ್ತುವ ಉಸಾಬರಿ ಯಾರಿಗೆ ಬೇಕು?

ಕೆಲವು ವರ್ಷಗಳ ಮೇಲೆ ಒಬ್ಬ ವರ್ತಕ ಬಂದ. ಅವನಿಗೆ ಮಳಿಗೆ ಕಟ್ಟಲು ಬಾವಿಯ ಜಾಗವೇ ಬೇಕಾಯಿತು. ಎರಡು ಬಾವಿ ಇವೆ, ಒಂದು ಸಾಕಲ್ಲ ಎಂದ. ಅವನು ಕೆಟ್ಟವನಲ್ಲ, ಎಚ್ಚರದ ಮನುಷ್ಯ. ಮೊದಲು ಒಬ್ಬ ಆಳನ್ನು ಕರೆದು, ಕೈಮರದ ದಾರಿಯಲ್ಲಿ ಹೋಗಿ ಒಂದು ಕೊಡ ನೀರು ತಾ ಎಂದ. ಆಳು ಹೋದ, ತಂದ. ನೀರು ಸಿಹಿಯಾಗಿತ್ತು. ಎಲ್ಲಿಂದ ತಂದೆ ಎಂದು ವರ್ತಕ ಕೇಳಲಿಲ್ಲ, ಕೇಳದ್ದನ್ನು ಆಳು ಹೇಳಲಿಲ್ಲ. ವರ್ತಕ ನೆಮ್ಮದಿಯಿಂದ ಬಾವಿಗೆ ಕಲ್ಲುಮಣ್ಣು ತುಂಬಿಸಿ ಮೇಲೆ ಅಡಿಪಾಯ ಹಾಕಿಸಿದ.

ಮರುದಿನ ಹೆಂಗಸರು ಕೊಡ ಹೊತ್ತು ಕೈಮರದ ದಾರಿ ಹಿಡಿದರು. ಬಂಡೆ ಸುತ್ತಿದರು. ದಾರಿ ಹೊಸ ಅಡಿಪಾಯದ ಎದುರಿಗೆ ಬಂದು ನಿಂತಿತು. ಅವರಿಗೆ ನಂಬಲಾಗಲಿಲ್ಲ. ದಾರಿ ತಪ್ಪಿರಬೇಕೆಂದು ಒಬ್ಬಾಕೆ ಹಿಂದಕ್ಕೆ ಹೋಗಿ, ಕೈಮರವನ್ನು ಓದಿಸಿಕೊಂಡು, ಮತ್ತೆ ನಡೆದು ಬಂದಳು. ಮತ್ತೆ ಅದೇ ಮಣ್ಣು. ಅವಳ ಕೈಯಿಂದ ಕೊಡ ಜಾರಿ ಬಿತ್ತು. ಯಾರೂ ಅದನ್ನು ಎತ್ತಲಿಲ್ಲ. ಕೈಮರ ಮಾತ್ರ ಇದ್ದಲ್ಲೇ ಇತ್ತು, ಅದರ ಒಂದು ಅಕ್ಷರವೂ ಅಳಿಸಿರಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. "ಕಂಪ್ಯೂಟರಿನಲ್ಲಿ ಆ ಕೈಮರಕ್ಕೆ ಸಿಂಬಾಲಿಕ್ ಲಿಂಕ್ ಎನ್ನುತ್ತಾರೆ. ಅದರೊಳಗೆ ನೀರಿಲ್ಲ, ಜಾಗದ ಹೆಸರಿದೆ, ಅಷ್ಟೇ. ನೀನು 'ಕಾಪು' ತೆರೆದಾಗ ನಿನಗೆ ಕಂಡದ್ದು 'ಚಿತ್ತಾರ'ದ ಹೂವುಗಳೇ."

"ನೀರಗಂಟಿ ಬೇರೇನು ಮಾಡಬೇಕಿತ್ತು?"

"ಅದೇ ಬಾವಿಗೆ ಇನ್ನೊಂದು ಬಾಗಿಲು ಇಡಿಸಿದ್ದರೂ ಊರು ಬದುಕುತ್ತಿತ್ತು. ಅದು ಹಾರ್ಡ್ ಲಿಂಕ್. ಆಗ ವರ್ತಕನ ಕೈಗೆ ಸಿಗುವುದು ಒಂದು ಬಾಗಿಲು ಮಾತ್ರ. ಅದನ್ನು ಮುಚ್ಚಿದರೂ ಬಾವಿ ಇರುತ್ತದೆ. ಕೊನೆಯ ಬಾಗಿಲು ಮುಚ್ಚುವ ತನಕ ಅದನ್ನು ಯಾರಿಂದಲೂ ಹೂಳಲಾಗದು. ಆದರೆ ಅದೂ ಎರಡು ಬಾವಿಯಲ್ಲ ನೀಲಾ. ಒಂದು ಬಾಗಿಲಲ್ಲಿ ವಿಷ ಹಾಕಿದರೆ ಇನ್ನೊಂದು ಬಾಗಿಲಲ್ಲಿ ಅದನ್ನೇ ಕುಡಿಯಬೇಕು. ಎರಡು ಬಾವಿ ಬೇಕೆಂದರೆ ಎರಡು ಸಲ ತೋಡಬೇಕು. ಬೇರೆ ದಾರಿಯಿಲ್ಲ."

ಹೊರಗೆ ಜಗಲಿಯ ಕಲ್ಲಿಗೆ ಊರುಗೋಲು ತಾಗಿದ ಸದ್ದಾಯಿತು. ಮೆಟ್ಟಿಲು ಇದೆ ಅಜ್ಜಾ, ನಿಧಾನ ಎಂದು ಯಾರೋ ಹುಡುಗಿ ಹೇಳಿದಳು. ನೀಲಾಂಬಿಕೆಗೆ ಅಳು ಒತ್ತರಿಸಿ ಬಂತು. ಅಳುವಿನ ಹಿಂದೆಯೇ ಸಿಟ್ಟೂ ಬಂತು. ತಾನು ವರ್ತಕ ಎಂಬುದು ಅವಳಿಗೆ ತಿಳಿದಿತ್ತು. ಆದರೆ ವರ್ತಕ ನೀರು ಕುಡಿದು ನೋಡಿದ್ದ.

"ಆ ನೀರಗಂಟಿಗೆ ಊರಿನವರು ಏನು ಶಿಕ್ಷೆ ಕೊಟ್ಟರು ಗುರುಗಳೇ?"

ಗುರುಗಳು ಅಜ್ಜನನ್ನು ಎದುರುಗೊಳ್ಳಲು ಎದ್ದು ನಿಂತರು. "ಇನ್ನೂ ಕೊಟ್ಟಿಲ್ಲ, ಅವನು ಇಷ್ಟು ಹೊತ್ತು ನಿನ್ನೆದುರಿಗೆ ಕುಳಿತು ಕತೆ ಹೇಳುತ್ತಿದ್ದ."