ಬಾಯಿ ಜೋರಿನ ನೆರೆ

ಧಾನ್ಯದ ಮಂಡಿ ಪೇಟೆಬೀದಿಯಿಂದ ಊರಾಚೆಗೆ ಹೋದ ಮೇಲೆ, ಅಲ್ಲಿ ಕಾಳು ಹೆಕ್ಕಿ ಬದುಕುತ್ತಿದ್ದ ಗುಬ್ಬಿ ಜೋಡಿಯೂ ಹಿಂದೆಯೇ ಹೊರಟಿತು. ಹೆಣ್ಣುಗುಬ್ಬಿಗೆ ಮೊಟ್ಟೆಯಿಡುವ ಕಾಲ ಹತ್ತಿರವಾಗಿತ್ತು. ಹೊರಡುವಾಗ ಅದು ಹಳೇ ಬೀದಿಯನ್ನು ಎರಡು ಸಲ ತಿರುಗಿ ನೋಡಿತು.

ಗಂಡಿಗೆ ಹಿಡಿಸಿದ್ದು ಹೊಸ ಗೋದಾಮಿನ ಸೂರು. "ಇಲ್ಲಿನ ಪಾರಿವಾಳಗಳು ಯಾರ ಗೊಡವೆಗೂ ಹೋಗುವುದಿಲ್ಲ. ಬೇಲಿ ಪಕ್ಕದ ಗೋಡೆಯಲ್ಲೂ ಜಾಗವಿದೆ. ಆದರೆ ಅಲ್ಲಿನ ಹರಟೆಮಲ್ಲ ಹಕ್ಕಿಗಳ ಬಾಯಿ ತಡೆಯೋರು ಯಾರು?"

ಮಂಡಿಯ ಜೊತೆಗೇ ಬಂದಿದ್ದ ಮುದಿ ಅಳಿಲು ಹೇಳಿತು: "ಗೋದಾಮಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಮಡಕೆಯನ್ನೇ ತಟ್ಟಿ ನೋಡಿ ಕೊಳ್ಳುತ್ತಾರಪ್ಪ, ನೆರೆಯನ್ನು ನೋಡಬೇಡವೇ? ಎರಡೂ ಕಡೆ 'ಹಾವು ಬಂತು' ಎಂದು ಕೂಗು."

ಗಂಡು ಸೂರಿನಲ್ಲಿ ಕೂಗಿತು. ಪಾರಿವಾಳಗಳು ಕತ್ತು ಎಳೆದುಕೊಂಡು ಇನ್ನಷ್ಟು ಒಳಕ್ಕೆ ಸರಿದವು.

ಬೇಲಿಯ ಬಳಿ ಕೂಗಿದ್ದೇ ತಡ, ಏಳು ಹರಟೆಮಲ್ಲಗಳು ಹಾರಿಬಂದವು. "ಎಲ್ಲಿ ಹಾವು? ನೀನ್ಯಾರು? ಯಾವ ಬೀದಿಯವನು? ಬಸುರಿ ಹೆಂಡತೀನ ಈ ಬಿಸಿಲಲ್ಲಿ ಅಲೆಸ್ತೀಯಲ್ಲ, ಬುದ್ಧಿ ಇದೆಯಾ?"

"ಹಾವಿಲ್ಲ, ಸುಮ್ಮನೆ ಕೂಗಿದೆ" ಎಂದಿತು ಗಂಡು.

ಅವು ಗಂಡಿನ ಏಳು ತಲೆಮಾರನ್ನೂ ಬೈದವು. ಬೈಯುತ್ತಲೇ ಬೇಲಿಯ ಬುಡವನ್ನೆಲ್ಲ ಕೆದಕಿ ಹುಡುಕಿದವು.

"ಮಾನ ಹೋಯ್ತು, ನಡೆಯೇ" ಎಂದಿತು ಗಂಡು.

ಹೆಣ್ಣು ಕದಲಲಿಲ್ಲ. "ನಮ್ಮ ಗೂಡಿಗೆ ಬೆಕ್ಕು ಬಂದ ದಿನ ಪೇಟೆಬೀದಿಯವರೂ ಹೀಗೇ ಬೈಕೊಂಡು ಓಡಿಬಂದಿದ್ದರು" ಎಂದು, ಬೇಲಿಯಿಂದ ಒಂದು ಹುಲ್ಲುಕಡ್ಡಿ ಕಚ್ಚಿಕೊಂಡು ಗೋಡೆಯ ತೂತಿಗೆ ಹಾರಿತು.