ಕಟ್ಟು ಬಿಟ್ಟ ಊರಿಗೆ ಜುಂಜನೇ ಬಾಯಿ

ಹತ್ತಿರ ಬನ್ನಿ, ಕೂತುಕೊಳ್ಳಿ. ದೇವರು ಕೊಟ್ಟ ಬಾಯಿಂದ ಒಬ್ಬ ಪೆದ್ದನ ಕತೆ ಹೇಳುತ್ತೇನೆ. ನಗು ಬಂದರೆ ನಗಿ, ಆದರೆ ಪೂರ್ತಿ ಕೇಳಿ ನಗಿ.

ಗೊಂಡೇಹಳ್ಳಿ ಅಂತ ಒಂದೂರು. ಊರಿಗೆ ಊರೇ ಕಂಬಳಿ ನೇಯುವವರು. ಆ ಊರಲ್ಲಿ ತಿಪ್ಪಕ್ಕ ಅಂತ ಒಬ್ಬಳು, ಗಂಡ ಸತ್ತವಳು. ಅವಳಿಗೊಬ್ಬ ಮಗ, ಜುಂಜ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದಷ್ಟನ್ನೇ ಮಾಡುತ್ತಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವಳ ಸಂಕಟ.

“ಅಯ್ಯೋ ಬೀರಪ್ಪ ದೇವರೇ, ಒಂದು ದಿನವಾದರೂ ಇವನು ನನ್ನ ಮಾತು ಮೀರಬಾರದೇ!” ಅಂತ ಹಣೆ ಬಡಿದುಕೊಳ್ಳುತ್ತಿದ್ದಳು.

ಆ ಸೀಮೆಯಲ್ಲಿ ಏಳೂರ ಕಟ್ಟು ಅಂತ ಒಂದು ಏರ್ಪಾಡಿತ್ತು. ಕಟ್ಟಿನೊಳಗಿನ ಏಳೂ ಊರಿನವರು ಒಬ್ಬರೂರಿಗೆ ಒಬ್ಬರು ಸುಂಕವಿಲ್ಲದೆ ಸರಕು ಒಯ್ಯಬಹುದು, ಮಾರಬಹುದು. ಮರಡಿಹಟ್ಟಿಯ ಉಣ್ಣೆ ಗೊಂಡೇಹಳ್ಳಿಗೆ ಬರುತ್ತಿತ್ತು. ಹುಣಸೇಕೆರೆಯಿಂದ ಹುಣಸೆಬೀಜ ಬರುತ್ತಿತ್ತು. ಆ ಬೀಜ ಅರೆದು ಬೇಯಿಸಿದ ಸರಿಯನ್ನು ಎಳೆಗೆ ಬಳಿಯದಿದ್ದರೆ ಕಂಬಳಿಗೆ ಬಿಗಿ ಬರುವುದಿಲ್ಲ. ನೇಯ್ದ ಕಂಬಳಿ ಏಳೂರಿಗೂ ಹೋಗುತ್ತಿತ್ತು. ವರ್ಷಕ್ಕೊಮ್ಮೆ ಹಿರಿಯರೆಲ್ಲ ಬೇವಿನಕಟ್ಟೆಯ ಮೇಲೆ ಕರಿಕಂಬಳಿ ಹಾಸಿ, ಅದರ ಮೇಲೆ ಕೂತು, ಎಲ್ಲರಿಗೂ ಒಂದೇ ಕಟ್ಟಳೆ ಮಾಡುತ್ತಿದ್ದರು.

ಒಂದು ವರ್ಷ ಕಟ್ಟಳೆ ಆಯಿತು: ಕಂಬಳಿ ಯಾರೇ ನೇಯಲಿ, ಉದ್ದ ಒಂದೇ ಇರಬೇಕು.

ಗೊಂಡೇಹಳ್ಳಿಯ ಗೌಡ ಚಿತ್ರಪ್ಪನಿಗೆ ಮೂಗಿನ ತುದಿಗೆ ಸಿಟ್ಟು ಬಂತು. “ನಮ್ಮ ಮಗ್ಗ, ನಮ್ಮ ಕೈ, ನಮ್ಮ ಮೊಳ! ಉದ್ದ ಹೇಳೋಕೆ ಇವರ್ಯಾರು?” ಅಂದ. ಕರಿಕಂಬಳಿ ಬಿಟ್ಟು ಎದ್ದೇಬಿಟ್ಟ. ಅವನ ಹಿಂದೆ ಊರ ಗಂಡಸರೆಲ್ಲ ಕೈಯೆತ್ತಿ “ಕಟ್ಟು ಬಿಟ್ಟೆವು! ಬಿಟ್ಟೆವು!” ಅಂತ ಕೂಗಿದರು. ಡೊಳ್ಳು ಬಡಿದುಕೊಂಡು ಊರಿಗೆ ಬಂದರು. ಕೈಯೆತ್ತದವನು ಜುಂಜ ಒಬ್ಬನೇ. ಅವನ ತಾಯಿ ಅವತ್ತು “ಎರಡು ಕೈಯಲ್ಲೂ ಟಗರಿನ ಹಗ್ಗ ಹಿಡಿದುಕೋ, ಬಿಡಬೇಡ” ಅಂದಿದ್ದಳು. ಅವನು ಬಿಡಲಿಲ್ಲ.

ಮಾರನೆಯ ದಿನದಿಂದ ಅವರವರ ಮನಸ್ಸಿಗೆ ಬಂದಷ್ಟು ಉದ್ದ ನೇಯ್ದರು. ಸಂತೋಷ! ಆದರೆ ಊರ ಗಡಿಗಡಿಗೂ ಸುಂಕದ ಗಳ ಅಡ್ಡ ಬಿತ್ತು. ಉಣ್ಣೆ ಬಂದರೆ ಸುಂಕ, ಬೀಜ ಬಂದರೆ ಸುಂಕ, ಕಂಬಳಿ ಹೋದರೆ ಸುಂಕ. ಬರುಬರುತ್ತಾ ಮಗ್ಗಗಳು ನಿಂತವು. ಮಗ್ಗದ ಗುಂಡಿಗಳಲ್ಲಿ ಕೋಳಿಗಳು ಕಾವು ಕೂತವು. ತಿಪ್ಪಕ್ಕನ ಮಗ್ಗವೂ ನಿಂತಿತು. ಅವಳಿಗೆ ಗೊತ್ತಿದ್ದದ್ದು ಅದೊಂದೇ ಕಸುಬು.

ಊರಿಗೆ ಪಶ್ಚಾತ್ತಾಪವಾಯಿತು. ಆದರೆ ಬಾಯಿಬಿಟ್ಟು ಹೇಳಲು ಎಲ್ಲರಿಗೂ ನಾಚಿಕೆ.

ಒಂದು ದಿನ ತಿಪ್ಪಕ್ಕ ಮಗನನ್ನು ಕರೆದಳು. “ಹುಣಸೇಕೆರೆಗೆ ಹೋಗಿ ಒಂದು ಚೀಲ ಬೀಜ ತಾ. ಸುಂಕದವನ ಹತ್ತಿರ ವಾದ ಮಾಡಬೇಡ. ಏನು ಕೇಳುತ್ತಾನೋ ಕೊಟ್ಟು ಬಾ.”

ಜುಂಜ ಹೋದ, ಬೀಜ ಕೊಂಡ, ವಾಪಸ್ಸು ಗಡಿಗೆ ಬಂದ. ಸುಂಕದವನು ಸುಂಕ ಕೇಳಿದ. ಕೊಟ್ಟ. ಸುಂಕದವನು ತಮಾಷೆಗೆ, “ಹೆಗಲ ಮೇಲಿನ ಕಂಬಳಿ ಚೆನ್ನಾಗಿದೆಯಲ್ಲೋ, ಕೊಡ್ತೀಯಾ?” ಅಂದ. ಕೊಟ್ಟ. “ರುಮಾಲು?” ಕೊಟ್ಟ. “ಚೀಲ?” ಕೊಟ್ಟ. “ಲೇ, ಪಂಚೆಯನ್ನೂ ಕೇಳಿದರೆ ಕೊಡ್ತೀಯೇನೋ?” ಅಂದ. ಅದನ್ನೂ ಕೊಟ್ಟು, ಲಂಗೋಟಿಯಲ್ಲಿ ಊರೊಳಗೆ ಬಂದ.

“ಅಯ್ಯೋ ನನ್ನ ಕರ್ಮವೇ! ಕೇಳಿದರು ಅಂತ ಕೊಟ್ಟುಬಿಡೋದಾ? ಇದು ನಮ್ಮದು, ಕೊಡೋಲ್ಲ ಅಂತ ಗಟ್ಟಿಯಾಗಿ ಹಿಡಿದುಕೋಬೇಕು ಕಣೋ!”

“ಹಾಗೇ ಆಗಲಿ ಅವ್ವಾ. ಇನ್ನು ಮೇಲೆ ಗಟ್ಟಿಯಾಗಿ ಹಿಡೀತೀನಿ.”

ಆಮೇಲೆ ಏನಾಯಿತು ಅಂದರೆ, ಕಟ್ಟಿನ ಊರುಗಳಿಗೂ ಚಳಿಗಾಲ ಬಂತು. ಒಳ್ಳೆಯ ಕಂಬಳಿ ಸಿಗದೆ ಅವರೂ ನಡುಗುತ್ತಿದ್ದರು. ಮರಡಿಹಟ್ಟಿಯ ರೇವಜ್ಜ ಕಟ್ಟಿಗೆಲ್ಲ ಹಿರಿಯ. ಅವನಿಗೆ ಅನ್ನಿಸಿತು: ಹೋಗಿ ಅವರ ಬಾಗಿಲಲ್ಲಿ ಒಂದು ಲೋಟ ನೀರು ಕೇಳೋಣ. ನೀರು ಕೊಟ್ಟರೆ ಮಾತು ಬರುತ್ತದೆ, ಮಾತು ಬಂದರೆ ಮನಸ್ಸು ಬರುತ್ತದೆ. ಕೋಲೂರಿಕೊಂಡು ಬಂದ. ಊರಿನ ಮೊದಲ ಮನೆ ತಿಪ್ಪಕ್ಕನದು. ಜುಂಜ ಒಬ್ಬನೇ ಇದ್ದ.

“ಮಗಾ, ಬಾಯಾರಿಕೆ ಆಗಿದೆ. ಸ್ವಲ್ಪ ನೀರು ಕೊಡಪ್ಪಾ.”

ಜುಂಜ ಬಿಂದಿಗೆಯನ್ನು ಎರಡೂ ತೋಳಲ್ಲಿ ತಬ್ಬಿಕೊಂಡ. “ಇದು ನಮ್ಮದು! ಕೊಡೋಲ್ಲ!”

“ನೀರು ಕಣಪ್ಪಾ...”

“ನಮ್ಮದು! ಕೊಡೋಲ್ಲ!”

ಅಜ್ಜ ಕೋಲು ಎತ್ತಿಕೊಂಡ. “ಓಹೋ, ಇನ್ನೂ ಆ ಸಿಟ್ಟು ಹೋಗಿಲ್ಲ” ಅಂದುಕೊಂಡು ತಿರುಗಿ ಹೋದ.

ಇದು ತಿಳಿದಾಗ ತಿಪ್ಪಕ್ಕ ಹಣೆ ಬಡಿದುಕೊಂಡಳು. “ಮುಠ್ಠಾಳಾ! ಕಟ್ಟಿನವರು ನಮ್ಮ ಬಾಗಿಲಿಗೆ ಬಂದರೆ ದೇವರು ಬಂದ ಹಾಗೆ! ಕೂರಿಸಬೇಕು. ಉಣ್ಣದೆ ಏಳೋಕೇ ಬಿಡಬಾರದು!”

“ಹಾಗೇ ಆಗಲಿ ಅವ್ವಾ. ಏಳೋಕೇ ಬಿಡೋಲ್ಲ.”

ರೇವಜ್ಜ ದೊಡ್ಡ ಮನಸ್ಸಿನವನು. ವರ್ಷದ ಕೂಟದ ದಿನ ಬಂದಾಗ ಒಬ್ಬ ಆಳನ್ನು ಓಡಿಸಿದ. “ಗೊಂಡೇಹಳ್ಳಿಯವರು ಬರುವುದಾದರೆ ಬರಲಿ ಅನ್ನು. ಹೊತ್ತು ನೆತ್ತಿಗೆ ಬರುವ ತನಕ ಕಾಯುತ್ತೇವೆ.” ಆಳು ಏದುಸಿರು ಬಿಡುತ್ತ ಬಂದ. ಎದುರಿಗೆ ಸಿಕ್ಕವನು ಯಾರು? ಜುಂಜ!

“ನಿಮ್ಮ ಗೌಡರ ಮನೆ ಎಲ್ಲಪ್ಪಾ? ಬೇಗ ತೋರಿಸು!”

“ನೀನು ಕಟ್ಟಿನವನಾ?”

“ಹೌದು, ಬೇಗ—”

“ಕೂತ್ಕೋ!” ಜುಂಜ ಅವನನ್ನು ಎಳೆದು ಕೂರಿಸಿದ. ಒಲೆ ಹಚ್ಚಿ ಮುದ್ದೆಗೆ ಎಸರಿಟ್ಟ. ಆಳು ಎದ್ದರೆ ಕೂರಿಸಿದ. ಮತ್ತೆ ಎದ್ದರೆ ಮತ್ತೆ ಕೂರಿಸಿದ. ಕೊನೆಗೆ ಅವನ ತೊಡೆಯ ಮೇಲೆ ತಾನೇ ಕೂತ. ಮುದ್ದೆ ಬೆಂದು, ಆಳು ಅಳುತ್ತ ಅಳುತ್ತ ಉಂಡು, ಕೈತೊಳೆಯುವ ಹೊತ್ತಿಗೆ ಹೊತ್ತು ಇಳಿದಿತ್ತು. ಬೇವಿನಕಟ್ಟೆಯಲ್ಲಿ ಕರಿಕಂಬಳಿ ಮಡಿಸಿಯೂ ಆಗಿತ್ತು.

ಆ ಸಲ ತಿಪ್ಪಕ್ಕ ಕೂಡಲೇ ಬೈಯಲಿಲ್ಲ. ಮೊದಲು ಅತ್ತಳು, ಆಮೇಲೆ ಬೈದಳು. “ಕಟ್ಟಿನವರ ಬಾಯಿಂದ ಒಂದು ಮಾತು ಬಿದ್ದರೆ ನಿಲ್ಲಬಾರದು, ಕೂರಬಾರದು! ಓಡಿ ಹೋಗಿ ಗೌಡರಿಗೆ ಹೇಳಬೇಕು. ಅವರು ಹೇಗೆ ಅಂದರೋ ಹಾಗೇ ಹೇಳಬೇಕು!”

“ಹಾಗೇ ಆಗಲಿ ಅವ್ವಾ.”

ಇನ್ನೊಂದು ವರ್ಷ ಕಳೆಯಿತು. ಈಗ ಚಿತ್ರಪ್ಪ ಗೌಡ ನಿಜವಾಗಿ ಬಗ್ಗಿದ್ದ. ಅವನ ಮನೆಯ ಮಗ್ಗದಲ್ಲೂ ಕೋಳಿ ಕಾವು ಕೂತಿತ್ತಲ್ಲ! ಕೂಟದ ದಿನ ಯಾರೂ ಕರೆಯದಿದ್ದರೂ ಊರವರನ್ನು ಕರೆದುಕೊಂಡು ಹೊರಟ. ಹೋಗಿ ದೂರದಲ್ಲಿ ಒಂದು ಜಾಲಿಮರದ ಕೆಳಗೆ ನಿಂತ. ಕಟ್ಟೆಯ ಹತ್ತಿರಕ್ಕೆ ಹೋಗಲು ಕಾಲು ಬರಲಿಲ್ಲ. ಜುಂಜ ಮಾತ್ರ ಸೀದಾ ಹೋಗಿ ಕಟ್ಟೆಗೆ ಒರಗಿ ಕೂತ.

ರೇವಜ್ಜ ಅವರನ್ನು ನೋಡಿದ. ಅವನ ಕಣ್ಣು ತುಂಬಿತು. ಪಕ್ಕದವನಿಗೆ ಮೆಲ್ಲಗೆ ಹೇಳಿದ, “ನೋಡಯ್ಯಾ, ಹೇಗೆ ಸೊರಗಿದ್ದಾರೆ. ಆರೇ ಊರು ಉಳಿದರೂ ನಾವು ಏಳೂರ ಕಟ್ಟು ಅನ್ನೋ ಹೆಸರು ಬದಲಾಯಿಸಿಲ್ಲ. ಕರೆಯೋಣ. ಆ ಕತ್ತೆ ಚಿತ್ರಪ್ಪನಿಗೂ ಈಗ ಬುದ್ಧಿ ಬಂದಿರಬೇಕು.”

ಜುಂಜ ಎದ್ದ, ಓಡಿದ. ಊರವರೆಲ್ಲರ ಎದುರಿಗೆ ಗಂಟಲು ಹರಿಯುವ ಹಾಗೆ ಕೂಗಿದ, “ಗೌಡ್ರೇ! ಆ ಕತ್ತೆ ಚಿತ್ರಪ್ಪನಿಗೂ ಈಗ ಬುದ್ಧಿ ಬಂದಿರಬೇಕು!”

“ಯಾರಂದದ್ದು?”

“ರೇವಜ್ಜ!”

ಮುಂಚಿನ ಮಾತು ಹೇಳಲು ಅವನಿಗೆ ಉಸಿರು ಸಾಲಲಿಲ್ಲ. ಗೌಡ ಆಗಲೇ ತಿರುಗಿಯಾಗಿತ್ತು. ಊರೂ ಅವನ ಹಿಂದೆ ತಿರುಗಿತು.

ಮನೆಯಲ್ಲಿ ಅವನ ಬಾಯಿಂದ ಪೂರ್ತಿ ಮಾತು ಕೇಳಿ ತಿಪ್ಪಕ್ಕ ಕೂಗಿದಳು, “ಥೂ ನಿನ್ನ! ಒಳ್ಳೆಯದನ್ನು ನುಂಗಿ ಕೆಟ್ಟದ್ದನ್ನು ಉಗುಳಿದೆಯಲ್ಲೋ! ಇನ್ನು ಮೇಲೆ ಕಟ್ಟೆಯ ಹತ್ತಿರ ಹೋದರೆ ತುಟಿ ಬಿಚ್ಚಬೇಡ! ಯಾರು ಕೇಳಲಿ, ದೇವರೇ ಕೇಳಲಿ, ನಾನೇ ಕೇಳಲಿ, ತುಟಿ ಬಿಚ್ಚಬೇಡ!”

“ಹಾಗೇ ಆಗಲಿ ಅವ್ವಾ.”

ಕಾಲ ಹೋಯಿತು. ಗೌಡ ಹಾಸಿಗೆ ಹಿಡಿದ. ಹಾಸಿಗೆಯಲ್ಲಿ ಮಲಗಿದವನಿಗೆ ಸಿಟ್ಟು ಎಷ್ಟು ದಿನ ಇರುತ್ತದೆ? “ನಾನು ಎದ್ದು ಬಂದದ್ದೇ ತಪ್ಪು. ನಾನಿರುವಾಗಲೇ ಊರನ್ನು ಒಳಗೆ ಸೇರಿಸಿರಪ್ಪಾ” ಅಂದ. ಊರವರು ಈ ಸಲ ಮುಂಚೆಯೇ ಹೇಳಿ ಕಳಿಸಿದರು. ಕಟ್ಟಿನವರು ಒಪ್ಪಿದರು. ಆದರೆ ಹಳೆಯ ಪದ್ಧತಿಯೊಂದಿತ್ತು. ಬಿಟ್ಟೆವು ಅಂದ ಬಾಯಿ, ಸೇರಿಸಿಕೊಳ್ಳಿ ಅಂತ ಕೇಳುವ ಹಾಗಿಲ್ಲ. ಅವತ್ತು ಕೈಯೆತ್ತದೆ ಇದ್ದ ಗಂಡಸೊಬ್ಬ ಕರಿಕಂಬಳಿಯ ಮೇಲೆ ಕೂತು ಹೇಳಬೇಕು. ಹೆಂಗಸರು ಅಲ್ಲಿ ಮಾತಾಡುವಂತಿರಲಿಲ್ಲ, ಆ ಕಾಲ ಹಾಗಿತ್ತು.

ಕೈಯೆತ್ತದವನು ಯಾರು? ಊರು ಊರೇ ಯೋಚಿಸಿ ನೋಡಿತು. ಜುಂಜ!

ತಿಪ್ಪಕ್ಕ ಅವನಿಗೆ ಎಣ್ಣೆ ಹಚ್ಚಿ ಮೀಯಿಸಿದಳು. “ನಾವು ನಿಮ್ಮವರು, ಸೇರಿಸಿಕೊಳ್ಳಿ. ಇಷ್ಟೇ ಕಣಪ್ಪಾ” ಅಂತ ದಾರಿಯುದ್ದಕ್ಕೂ ಹೇಳಿಕೊಟ್ಟಳು. ದಾರಿಯುದ್ದಕ್ಕೂ ಅವನು ಚೆನ್ನಾಗಿ ಒಪ್ಪಿಸಿದ. ಹಳೆಯ ಬುದ್ಧಿಮಾತನ್ನು ವಾಪಸ್ಸು ತೆಗೆದುಕೊಳ್ಳಬೇಕು ಅಂತ ಪಾಪ, ಅವಳಿಗೆ ಹೊಳೆಯಲೇ ಇಲ್ಲ.

ಕರಿಕಂಬಳಿಯ ಮೇಲೆ ಜುಂಜ ಕೂತ. ಆರೂರಿನವರು ಒಂದು ಕಡೆ, ಗೊಂಡೇಹಳ್ಳಿಯವರು ಒಂದು ಕಡೆ. ರೇವಜ್ಜ ಕೇಳಿದ, “ಯಾಕೆ ಬಂದೆಯಪ್ಪಾ?”

ಜುಂಜ ತುಟಿ ಬಿಚ್ಚಲಿಲ್ಲ.

“ಸೇರುವುದಕ್ಕೆ ಬಂದೆಯಾ? ನಿನ್ನ ಬಾಯಲ್ಲಿ ಬರಬೇಕಪ್ಪಾ. ಹೂಂ ಅಂದರೂ ಸಾಕು.”

ತುಟಿ ಬಿಚ್ಚಲಿಲ್ಲ. ಬೆವರು ಇಳಿಯಿತು, ತುಟಿ ಬಿಚ್ಚಲಿಲ್ಲ.

“ಹೇಳೋ ಮಗಾ!” ತಿಪ್ಪಕ್ಕ ಪದ್ಧತಿ ಮರೆತು ಕೂಗಿದಳು. ಅವನು ತಾಯಿಯ ಕಡೆ ನೋಡಿ ಹೆಮ್ಮೆಯಿಂದ ತಲೆಯಾಡಿಸಿದ. ನೀನೇ ಕೇಳಿದರೂ ಬಿಚ್ಚೋಲ್ಲ ಅನ್ನುವ ಹಾಗೆ.

ರೇವಜ್ಜ ಮೂರನೆಯ ಸಲ ಕೇಳಿದ. ಉತ್ತರ ಬರಲಿಲ್ಲ. ಮೂರು ಸಲ ಕೇಳಿ ಆದ ಮೇಲೆ ನಾಲ್ಕನೆಯ ಸಲ ಕೇಳುವ ಹಾಗಿಲ್ಲ. ಕರಿಕಂಬಳಿ ಮಡಿಸಿದರು. ಗಾಡಿ ಕಟ್ಟಿದರು. ಮುದುಕ ಗಾಡಿ ಹತ್ತುವಾಗ ಹಿಂದಿರುಗಿ ನೋಡಿದ.

ಗೊಂಡೇಹಳ್ಳಿಯವರು ತಲೆ ತಗ್ಗಿಸಿ ದಾರಿ ಹಿಡಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ತಿಪ್ಪಕ್ಕ ಕುಸಿದು ಕೂತಳು. “ಅಯ್ಯೋ ಪಾಪಿ! ಆ ಕಟ್ಟೆಯ ಮೇಲೆ ಕೂತು, ನಾವು ನಿಮ್ಮವರು ಸೇರಿಸಿಕೊಳ್ಳಿ ಅಂತ ಬಾಯ್ತುಂಬ ಹೇಳಬೇಕಾಗಿತ್ತು ಕಣೋ! ಹೇಳಬೇಕಾಗಿತ್ತು!”

“ಹಾಗೇ ಆಗಲಿ ಅವ್ವಾ!” ಅಂದವನೇ ಜುಂಜ ಬಂದ ದಾರಿಯಲ್ಲಿ ಹಿಂದಕ್ಕೆ ಓಡಿದ.

ಅವಳು ಏಳುತ್ತ ಬೀಳುತ್ತ ಹೋಗಿ ನೋಡುತ್ತಾಳೆ. ಕಟ್ಟೆ ಖಾಲಿ. ನರಪಿಳ್ಳೆ ಇಲ್ಲ. ಬರೀ ಕಲ್ಲಿನ ಮೇಲೆ ಜುಂಜ ಕಾಲು ಮಡಿಸಿ ಕೂತು, ಕೈಮುಗಿದು, ಬಾಯ್ತುಂಬ ಹೇಳುತ್ತಿದ್ದಾನೆ: “ನಾವು ನಿಮ್ಮವರು! ಸೇರಿಸಿಕೊಳ್ಳಿ! ನಾವು ನಿಮ್ಮವರು! ಸೇರಿಸಿಕೊಳ್ಳಿ!”

ತಾಯಿಯನ್ನು ಕಂಡು ಅವನ ಮುಖ ಅರಳಿತು.

“ಕೇಳಿದೆ ಅವ್ವಾ! ಎಷ್ಟು ಸಲ ಕೇಳಿದರೂ ಒಬ್ಬರೂ ಬೇಡ ಅನ್ನಲಿಲ್ಲ!”

ಬೈಯಬೇಕು ಅಂತ ತಿಪ್ಪಕ್ಕ ಬಾಯಿ ತೆರೆದಳು. ಬೈಗುಳ ಬರಲಿಲ್ಲ, ಬುದ್ಧಿಮಾತೂ ಬರಲಿಲ್ಲ. ಸೆರಗಿನಿಂದ ಅವನ ಹಣೆಯ ಬೆವರು ಒರೆಸಿ, ಆ ಕಲ್ಲಿನ ಮೇಲೆ ಅವನ ಪಕ್ಕ ಕೂತಳು. ಆರೂರಿನ ಗಾಡಿಗಳ ಧೂಳು ಇನ್ನೂ ಕಾಣುತ್ತಿತ್ತು. ಕೂಗಿದರೆ ಕೇಳಿಸುವಷ್ಟು ಹತ್ತಿರವಿರಲಿಲ್ಲ.